ಅಟ್ಟದ ಮೇಲಿನ ಸರಕು

"ಇದು ಬಟಾಣಿ ಸೂಪಾ, ಮರದ ಅಂಗಡಿಯಾ? ನೀನೇ ಒಂದು ಚಮಚ ಬಾಯಿಗಿಟ್ಟು ಹೇಳು!"

"ಟಿನೆಕೆ, ಅದು ಕಾಳುಮೆಣಸು ಕಣೆ."

"ಕಾಳುಮೆಣಸು ತೇಲುತ್ತಾ? ಕಾಳುಮೆಣಸು ನಾಲಿಗೆಗೆ ಸಿಬಿರು ಚುಚ್ಚಿದ ಹಾಗೆ ಚುಚ್ಚುತ್ತಾ?"

"ಒಳ್ಳೆ ಜಾತಿ ಕಾಳುಮೆಣಸು ಆದ್ರೆ..."

ಟಿನೆಕೆ ಸೌಟನ್ನು ಮೇಜಿನ ಮೇಲೆ ಕುಟ್ಟಿದಳು. ಕುಟ್ಟಿದ ರಭಸಕ್ಕೆ ಮನೆ ಅದುರಿತು. ತಲೆಯ ಮೇಲಿನ ಹಲಗೆಗಳ ಸಂದಿನಿಂದ ಇನ್ನೊಂದಿಷ್ಟು ಒಳ್ಳೆ ಜಾತಿ ಕಾಳುಮೆಣಸು ನಮ್ಮ ನಾಲ್ಕು ಜನರ ತಟ್ಟೆಗೂ ಪಕ್ಷಪಾತವಿಲ್ಲದೆ ಉದುರಿತು.

ನಾನು ಪಕ್ಕದ ಮನೆಯವನು, ಹೆಸರು ಗೊಸ್ಸೆ, ಹಡಗು ಕಟ್ಟೆಯಲ್ಲಿ ಬೆಸುಗೆ ಕೆಲಸ. ಅವತ್ತು ಏಣಿ ವಾಪಸು ಕೊಡಲು ಹೋಗಿದ್ದೆ. ಏಣಿ ಕೊಟ್ಟು ಬರಬಹುದಿತ್ತು. ಆದರೆ ಗಂಡ ಹೆಂಡತಿ ಜಗಳದ ಮಧ್ಯೆ ಎದ್ದು ಹೋಗುವುದು ಮರ್ಯಾದೆಯಲ್ಲ. ಹಾಗಾಗಿ ಕೂತೆ. ಸೂಪು ಕೂಡ ಕುಡಿದೆ. ಪೈನ್ ಮರದ ರುಚಿ ಇತ್ತು.

ಟಿನೆಕೆಯ ಗಂಡ ಹಾರ್ಮನ್ ನಮ್ಮ ಡೊಕ್ಕುಮ್ ಊರಿನ ಕಾಲುವೆಯ ಸೇತುವೆ ಕಾಯುವವನು. ದೋಣಿ ಬಂದರೆ ಸೇತುವೆ ಎತ್ತುತ್ತಾನೆ, ಹೋದ ಮೇಲೆ ಇಳಿಸುತ್ತಾನೆ. ಚಳಿಗಾಲದಲ್ಲಿ ದೋಣಿಗಳಿಲ್ಲ. ಅರ್ಧ ವರ್ಷ ಎತ್ತಲೂ ಇಳಿಸಲೂ ಏನೂ ಇಲ್ಲದ ಗಂಡಸು ಮನೆಯಲ್ಲಿ ಕೂತರೆ ಸಂಸಾರಕ್ಕೆ ಆಗುವ ಅಪಾಯವನ್ನು ನಮ್ಮ ನಗರಸಭೆ ಯೋಚಿಸಿಯೇ ಇಲ್ಲ. ಹಾರ್ಮನ್ ಅಟ್ಟ ಹತ್ತಿ ಬಡಗಿಯಾದ. ಆರು ಚಳಿಗಾಲದಲ್ಲಿ ಒಂಬತ್ತು ಸ್ಟೂಲು ಮಾಡಿದ್ದಾನೆ. ಒಂದೊಂದಕ್ಕೂ ನಾಲ್ಕು ಕಾಲು, ನಾಲ್ಕಕ್ಕೂ ಬೇರೆ ಬೇರೆ ಅಭಿಪ್ರಾಯ.

"ಅಕ್ಕ ಹೇಳೋದ್ರಲ್ಲಿ ತಪ್ಪೇನಿದೆ ಭಾವ?" ಎಂದ ವೊಬ್ಬೆ, ತಟ್ಟೆಯಿಂದ ಮರದ ಎಳೆಯೊಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾ. "ಆ ಅಟ್ಟ ಮನುಷ್ಯರು ಇರೋ ಜಾಗ. ಗರಗಸ ಇರೋ ಜಾಗ ಅಲ್ಲ."

ವೊಬ್ಬೆ ಟಿನೆಕೆಯ ತಮ್ಮ. ಅಕ್ಟೋಬರ್‌ನಲ್ಲಿ ಅವನ ಹೆಂಡತಿ ಅವನನ್ನು ಮನೆಯಿಂದ ಹೊರಗೆ ಹಾಕಿದಾಗ ಎರಡು ದಿನಕ್ಕೆಂದು ಅಕ್ಕನ ಸೋಫಾ ಮೇಲೆ ಮಲಗಿದವನು ಜನವರಿಯಲ್ಲೂ ಎದ್ದಿರಲಿಲ್ಲ. ಊಟಕ್ಕೆ ಏಳುತ್ತಿದ್ದ. ಆ ಮನೆಯಲ್ಲಿ ಇರುವುದು ಅಡುಗೆಮನೆ, ಮುಂದಿನ ಕೋಣೆ, ಹಿಂದೆ ಗಂಡ ಹೆಂಡತಿ ಮಲಗುವ ಕೋಣೆ, ಮೇಲೆ ಅಟ್ಟ. ಸೋಫಾ ಅವನ ಬೆನ್ನಿಗೆ ಸರಿಹೋಗುತ್ತಿರಲಿಲ್ಲ. ಅಟ್ಟ ಸರಿಹೋಗುತ್ತದೆಂದು ಅವನ ಬೆನ್ನು ಹೇಳುತ್ತಿತ್ತಂತೆ.

"ಕೇಳಿಸ್ಕೋ ಹಾರ್ಮನ್," ಎಂದಳು ಟಿನೆಕೆ. ಈಗ ಕೂಗಲಿಲ್ಲ. ಅವಳು ಕೂಗದಿದ್ದರೆ ಹೆದರಬೇಕು. "ಫೆಬ್ರವರಿ ಒಂಬತ್ತು ನನ್ನ ಹುಟ್ಟುಹಬ್ಬ. ಐವತ್ತು ತುಂಬುತ್ತೆ. ಅವತ್ತು ನನ್ನ ಕೇಕಿನ ಮೇಲೆ ಒಂದು ಕಣ, ಒಂದೇ ಒಂದು ಕಣ ಧೂಳು ಬಿದ್ರೆ, ನಿನ್ನ ಗರಗಸ ಬೀದಿಗೆ, ನನ್ನ ತಮ್ಮ ಅಟ್ಟಕ್ಕೆ. ಗೊಸ್ಸೆ ಸಾಕ್ಷಿ."

"ಬೀಳಲ್ಲ," ಎಂದ ಹಾರ್ಮನ್.

"ಹೇಗೆ ಬೀಳಲ್ಲ?"

"ಹೀರ್ತೀನಿ."

"ನೀನಾ?"

"ಯಂತ್ರ! ಧೂಳು ಹೀರೋ ಯಂತ್ರ. ಗರಗಸದಿಂದ ಧೂಳು ಹೊರಡೋದೇ ತಡ, ಕೊಳವೆಯೊಳಗೆ. ಕೊಳವೆಯಿಂದ ಚೀಲಕ್ಕೆ. ಒಂದು ಕಣ ಉಳಿಯಲ್ಲ. ಸಣ್ಣ ಯಂತ್ರ ಕಣೆ, ಇಷ್ಟೇ ಇಷ್ಟು." ಎಂದು ಕೈಯಲ್ಲಿ ಒಂದು ಬ್ರೆಡ್ಡಿನಷ್ಟು ಗಾತ್ರ ತೋರಿಸಿದ.

ಆ ಬ್ರೆಡ್ಡು ಮುಂದಿನ ಮಂಗಳವಾರ ಬಂತು. ಪಕ್ಕದೂರಲ್ಲಿ ಬಾಗಿಲು ಮುಚ್ಚಿದ ಪೀಠೋಪಕರಣ ಕಾರ್ಖಾನೆಯ ಮಾಲು. ಗಬ್ಬದ ಹಸುವಿನಷ್ಟು ದೊಡ್ಡ ಫ್ಯಾನಿನ ಡಬ್ಬ, ಅದರ ಮೇಲೆ ಆಳೆತ್ತರದ ಬಟ್ಟೆಯ ಚೀಲ. ಅಟ್ಟದ ಮೆಟ್ಟಿಲು ಏಣಿಯಷ್ಟು ಕಡಿದು, ಟಿನೆಕೆಯೇ ಅಡ್ಡಡ್ಡ ಹತ್ತಬೇಕು. ಯಂತ್ರ ಹೋಗುವ ಪ್ರಶ್ನೆಯೇ ಇಲ್ಲ. ಉಳಿದದ್ದು ನಮ್ಮ ಬೀದಿಯ ಹಳೆ ಮನೆಗಳ ನೆತ್ತಿಯಲ್ಲಿ ಇರುವ ತೊಲೆ ಮತ್ತು ಕೊಕ್ಕೆ. ಹಗ್ಗ ಕಟ್ಟಿ ಬೀದಿಯಿಂದಲೇ ಅಟ್ಟದ ಕಿಟಕಿಗೆ ಎಳೆಯಬೇಕು.

"ಗುರುವಾರ ಮಧ್ಯಾಹ್ನ," ಎಂದು ಹಾರ್ಮನ್ ನನ್ನ ಕಿವಿಯಲ್ಲಿ ಹೇಳಿದ. "ಟಿನೆಕೆ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿರ್ತಾಳೆ. ಅವಳಿಗೆ ಗಾತ್ರ ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು."

ಯಾರಿಗೂ ಗೊತ್ತಾಗದಿರಲೆಂದು ಅವನು ಯಂತ್ರಕ್ಕೆ ಟಿನೆಕೆಯ ಹಳದಿ ಹೂವಿನ ಹಾಸಿಗೆ ಹೊದಿಕೆ ಸುತ್ತಿ, ಬೀದಿಯ ನಟ್ಟನಡುವೆ, ಹಾಡುಹಗಲು ಎರಡು ಗಂಟೆಗೆ, ಹಗ್ಗ ಕಟ್ಟಿದ. ನಮ್ಮ ಬೀದಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಪರದೆ ಎಳೆದರೆ ಒಳಗೆ ಏನೋ ನಡೆಯುತ್ತಿದೆ ಎಂದು ಅರ್ಥ. ಹಾಗಾಗಿ ಇಪ್ಪತ್ತೆರಡು ಮನೆಯ ಇಪ್ಪತ್ತೆರಡು ಕಿಟಕಿಯಲ್ಲೂ ಒಂದೊಂದು ಕಾಫಿ ಲೋಟ ಎದ್ದು ನಿಂತಿತು.

ನಾನು ಕೆಳಗೆ, ಹಗ್ಗದ ಹತ್ತಿರ. ಹಾರ್ಮನ್ ಮೇಲೆ, ಕಿಟಕಿಯಲ್ಲಿ. ವೊಬ್ಬೆ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಸಲಹೆ ಕೊಡುತ್ತಿದ್ದ.

"ಎಳೀ!" ಎಂದ ಹಾರ್ಮನ್.

"ಎಳೀತಾ ಇದೀನಿ ಕಣೋ ಕತ್ತೆ! ಇದು ಯಂತ್ರನಾ, ಚರ್ಚಿನ ಗಂಟೆನಾ?"

"ಎಡಕ್ಕೆ ಎಳೀರಿ," ಎಂದ ವೊಬ್ಬೆ.

"ನಿನ್ನನ್ನ ಎಡಕ್ಕೆ ಎಳೀತೀನಿ ನೋಡು! ಬಾ, ಹಗ್ಗ ಹಿಡಿ!"

"ಬೆನ್ನು," ಎಂದು ವೊಬ್ಬೆ ಬೆನ್ನು ತೋರಿಸಿದ.

ಹೂವಿನ ಹೊದಿಕೆಯ ಹಸು ಎರಡಾಳೆತ್ತರದಲ್ಲಿ ತಿರುಗುತ್ತಾ ತೂಗಾಡುತ್ತಿದ್ದಾಗ ಎದುರು ಮನೆಯ ಆಲ್ತ್ಯೆ ಅಜ್ಜಿ ಕಿಟಕಿ ತೆರೆದಳು. ವಯಸ್ಸು ಎಂಬತ್ತೊಂದು. ಬೀದಿಯ ವಿಚಾರದಲ್ಲಿ ಅವಳಿಗೆ ತಿಳಿಯದ್ದು ನಡೆಯುವುದು ಕಡಿಮೆ.

"ಏನೋ ಅದು ಹಾರ್ಮನ್?"

"ಏನಿಲ್ಲ ಅಜ್ಜಿ! ಬಟ್ಟೆ ಒಗೆಯೋ ಮಷೀನು!"

"ನಿಮ್ಮ ಅಟ್ಟದಲ್ಲಿ ನೀರಿನ ನಲ್ಲಿ ಇಲ್ವಲ್ಲೋ?"

ಹಾರ್ಮನ್ ಯೋಚಿಸಿದ. ಅವನು ಯೋಚಿಸುವಷ್ಟು ಹೊತ್ತೂ ಹಗ್ಗ ಹಿಡಿದಿದ್ದವನು ನಾನು.

"ಒಣಗಿಸಿ ಒಗೆಯೋದು ಅಜ್ಜಿ! ಹೊಸ ತರಹದ್ದು!"

"ಓಹೋ," ಎಂದು ಅಜ್ಜಿ ಕಿಟಕಿ ಮುಚ್ಚಿದಳು. ಆ 'ಓಹೋ' ಸಾಮಾನ್ಯವಾದ 'ಓಹೋ' ಆಗಿರಲಿಲ್ಲ.

ಶುಕ್ರವಾರ ಹಾರ್ಮನ್ ಎಂಟು ಮೀಟರ್ ಉದ್ದದ ಬೆಳ್ಳಿ ಬಣ್ಣದ ಮಡಿಸುವ ಕೊಳವೆಯನ್ನು ಹೆಬ್ಬಾವಿನಂತೆ ಹೆಗಲಿಗೆ ಸುತ್ತಿಕೊಂಡು, ಮಾರುಕಟ್ಟೆಯ ಮಧ್ಯದಿಂದ ಸೈಕಲ್ಲಿನಲ್ಲಿ ಬಂದ. ಶನಿವಾರ ಅಟ್ಟದ ಕಿಟಕಿಯ ಗಾಜು ತೆಗೆದು ಹಲಗೆ ಹೊಡೆದು, ಅದರಲ್ಲಿ ತೂತು ಮಾಡಿ, ಯಂತ್ರ ಉಗುಳುವ ಗಾಳಿ ಹೋಗಲೆಂದು ಕೊಳವೆಯ ಒಂದು ತುಂಡಿನ ಬಾಯಿಯನ್ನು ಹೊರಗೆ ಬಿಟ್ಟ. ಗಾಳಿ ನುಗ್ಗದಿರಲೆಂದು ಹಲಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಹೊಡೆದ.

ಈಗ ಒಂದು ಮಾತು ಹೇಳಬೇಕು. ನಮ್ಮ ದೇಶದಲ್ಲಿ ಕಪ್ಪು ಪ್ಲಾಸ್ಟಿಕ್ ಹೊಡೆದ ಅಟ್ಟದ ಕಿಟಕಿ, ಬೆಳ್ಳಿ ಕೊಳವೆ, ದೊಡ್ಡ ಫ್ಯಾನು, ಈ ಮೂರೂ ಒಂದೇ ಮನೆಯಲ್ಲಿ ಸೇರಿದರೆ ಅಲ್ಲಿ ಬೆಳೆಯುವ ಗಿಡ ಒಂದೇ. ಇದು ಶಾಲೆಯ ಮಕ್ಕಳಿಗೂ ಗೊತ್ತು, ಪಾದ್ರಿಗೂ ಗೊತ್ತು. ಗಾಂಜಾ. ಕದ್ದು ಬೆಳೆಯುವವರು ದೀಪದ ಶಾಖ, ಎಲೆಯ ವಾಸನೆ ಹೊರಹಾಕಲು ಹೀಗೇ ಮಾಡುತ್ತಾರೆ. ಇಡೀ ಡೊಕ್ಕುಮ್‌ನಲ್ಲಿ ಇದು ಹೊಳೆಯದವನು ಹಾರ್ಮನ್ ಒಬ್ಬನೇ. ನನಗೆ ಹೊಳೆದಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಭಾನುವಾರ ಯಂತ್ರ ಹಚ್ಚಿದ.

ನಮ್ಮ ಕಡೆ ಚಳಿಗಾಲಕ್ಕೆ ಮುನ್ನ ಪ್ರತಿ ಬಾಗಿಲು, ಕಿಟಕಿಯ ಸಂದಿಗೂ ರಬ್ಬರಿನ ಪಟ್ಟಿ ಒತ್ತಿ ಮನೆಯನ್ನು ಉಪ್ಪಿನಕಾಯಿ ಭರಣಿಯ ಹಾಗೆ ಮುಚ್ಚುತ್ತಾರೆ. ಈ ಭರಣಿಯ ಗಾಳಿಯನ್ನು ಒಂದು ಕಾರ್ಖಾನೆಯ ಯಂತ್ರ ಹೀರತೊಡಗಿದರೆ ಏನಾಗುತ್ತದೆಂದು ಹಾರ್ಮನ್ ಲೆಕ್ಕ ಹಾಕಿರಲಿಲ್ಲ. ಮೊದಲು ಕಕ್ಕಸಿನ ನೀರು ಗೊಳಗೊಳ ಎಂದಿತು. ಕ್ಯಾಲೆಂಡರ್ ಗೋಡೆ ಬಿಟ್ಟು ಎದ್ದಿತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಟಿನೆಕೆ ಒಳಗೆ ಬರಲು ಬಾಗಿಲು ಎಳೆದರೆ, ಬಾಗಿಲು ಬರಲಿಲ್ಲ.

"ಹಾರ್ಮನ್! ಬಾಗಿಲು ಯಾಕೋ ಚಿಲಕ ಹಾಕಿದೀಯ?"

"ಹಾಕಿಲ್ಲ! ಇನ್ನೂ ಜೋರಾಗಿ ಎಳೀ!"

"ಕೈ ಕಿತ್ತು ಬರುತ್ತೆ ಕಣೋ!"

"ಅದೇ ಹೀರೋ ಶಕ್ತಿ ಟಿನೆಕೆ! ಅದೇ!"

ಬಾಗಿಲಿನಿಂದ ಗಾಳಿ ಸಿಗದಿದ್ದಾಗ ಯಂತ್ರ ಬೇರೆ ದಾರಿ ಹುಡುಕಿತು. ಮುಂದಿನ ಕೋಣೆಯಲ್ಲಿ ಅಜ್ಜಂದಿರ ಕಾಲದ ಒಲೆ, ಅದರ ಮೇಲೆ ನೇರವಾಗಿ ಆಕಾಶಕ್ಕೆ ಹೋಗುವ ಚಿಮಣಿ. ಆ ಚಿಮಣಿಯಲ್ಲಿ ಹದಿನೈದು ವರ್ಷದಿಂದ ಕೂತಿದ್ದ ಮಸಿ, ಕರೆದ ಕೂಡಲೇ ಬಂದ ನೆಂಟರ ಹಾಗೆ ಒಂದೇ ಉಸಿರಿಗೆ ಇಳಿಯಿತು. ಒಲೆಯ ಎದುರು ಸೋಫಾ ಮೇಲೆ ವೊಬ್ಬೆ ಮಧ್ಯಾಹ್ನದ ನಿದ್ರೆಯಲ್ಲಿದ್ದ. ಅವನು ಎದ್ದಾಗ ಸೋಫಾ ಮೇಲೆ ಬಿಳಿಯದಾಗಿ ಒಂದು ವೊಬ್ಬೆಯ ಆಕಾರ ಉಳಿದಿತ್ತು. ಉಳಿದ ಕೋಣೆ, ಉಳಿದ ವೊಬ್ಬೆ, ಎರಡೂ ಕಪ್ಪು.

"ಇದು ನಾನಿರೋ ಮನೆ ಭಾವ!" ಎಂದು ವೊಬ್ಬೆ ಕೂಗಿದ. ಹಲ್ಲು ಮಾತ್ರ ಕಾಣುತ್ತಿತ್ತು.

"ಅದೇ ನನಗೂ ಬೇಜಾರು," ಎಂದ ಹಾರ್ಮನ್ ಮೆಟ್ಟಿಲ ಮೇಲಿಂದ.

ಬೇರೆ ಗಂಡಸಾಗಿದ್ದರೆ ಅಲ್ಲಿಗೆ ಯಂತ್ರವನ್ನು ಕಾಲುವೆಗೆ ತಳ್ಳುತ್ತಿದ್ದ. ಹಾರ್ಮನ್ ಅಂಥವನಲ್ಲ. ಮೂರು ದಿನ ಗೋಡೆಗೆ ಸುಣ್ಣ ಹೊಡೆದ. ನಾಲ್ಕನೇ ದಿನ ಒಲೆಯ ಬಾಯಿಗೆ ತಗಡು ಹೊಡೆದು, ಅಡುಗೆಮನೆಯ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟು, ಯಂತ್ರಕ್ಕೆ ಉಸಿರಾಡಲು ಗಾಳಿ ಕೊಟ್ಟ. ಅಟ್ಟದ ಗರಗಸ ಓಡಿಸಿದ. ನಾನೇ ನೋಡಿದೆ. ಒಂದು ಕಣ ಹಾರಲಿಲ್ಲ. ಹೊಟ್ಟು ಸೊರ್ ಎಂದು ಕೊಳವೆಯೊಳಗೆ ಹೋಗಿ ಚೀಲ ಸೇರಿತು. ಟಿನೆಕೆ ಬಿಳಿ ತಟ್ಟೆಯೊಂದನ್ನು ಅಡುಗೆಮನೆಯ ಮೇಜಿನ ಮೇಲೆ ಎರಡು ತಾಸು ಇಟ್ಟು, ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡಿದಳು. ತಟ್ಟೆ ಬಿಳಿಯಾಗಿಯೇ ಇತ್ತು.

"ಹೂಂ," ಎಂದಳು. ಟಿನೆಕೆಯ ಬಾಯಲ್ಲಿ 'ಹೂಂ' ಎಂದರೆ ಬೇರೆಯವರ ಬಾಯಲ್ಲಿ ಚಪ್ಪಾಳೆ.

ವೊಬ್ಬೆ ಆ ತಟ್ಟೆಯನ್ನು ತಾನೂ ಎತ್ತಿ ನೋಡಿದ, ಬೆರಳಲ್ಲಿ ಒರೆಸಿ ನೋಡಿದ, ಕೊನೆಗೆ ಮೂಸಿಯೂ ನೋಡಿದ. ಅವತ್ತಿನಿಂದ ಅವನ ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದ ವೊಬ್ಬೆಯನ್ನು ನೋಡಿ ನಮಗೆಲ್ಲ ಸಂತೋಷವಾಯಿತೇ ಹೊರತು ಅನುಮಾನ ಬರಲಿಲ್ಲ.

ಒಂದು ತೊಂದರೆ ಉಳಿದಿತ್ತು. ಯಂತ್ರ ಧೂಳಿನ ಜೊತೆ ಮನೆಯ ಶಾಖವನ್ನೂ ಹೀರಿ ಅಟ್ಟಕ್ಕೆ ತುಂಬುತ್ತಿತ್ತು. ಟಿನೆಕೆ ಕೋಟು ಹಾಕಿಕೊಂಡು ಆಲೂಗಡ್ಡೆ ಹೆಚ್ಚುತ್ತಿದ್ದಳು. ಆದರೆ ಹೆಂಚುಗಳು ಬೆಚ್ಚಗಿದ್ದವು. ಜನವರಿ ಕೊನೆಗೆ ಹಿಮ ಬಿದ್ದಾಗ ಇಡೀ ಬೀದಿಯ ಮಾಡುಗಳು ಬೆಳ್ಳಗಾದವು. ಹಾರ್ಮನ್‌ನ ಮಾಡು ಮಾತ್ರ ಕೆಂಪಗೆ, ಒಣಗಿ, ಮೇಲೆ ನಲವತ್ತು ಹಕ್ಕಿಗಳು ಕಾಲು ಕಾಯಿಸಿಕೊಳ್ಳುತ್ತಾ ಕೂತಿದ್ದವು. ಹಿಮ ನಿಲ್ಲದ ಮಾಡು ಕಂಡರೆ ನಮ್ಮ ಪೊಲೀಸರಿಗೆ ಬೇರೆ ಪುರಾವೆ ಬೇಡ. ಅಟ್ಟದಲ್ಲಿ ದೀಪ ಉರಿಸಿ ಗಿಡ ಬೆಳೆಸುವವರನ್ನು ಅವರು ಹಿಡಿಯುವುದೇ ಹಾಗೆ.

ನಮ್ಮ ಬಡಾವಣೆಯ ಪೊಲೀಸು ಪೋಸ್ತ್ಮಾ ಸೈಕಲ್ಲಿನಲ್ಲಿ ಬಂದವನು ಬ್ರೇಕು ಹಾಕಿದ. ಮಾಡು ನೋಡಿದ. ಕೊಳವೆ ನೋಡಿದ. ಕಪ್ಪು ಪ್ಲಾಸ್ಟಿಕ್ ನೋಡಿದ. ಬಾಗಿಲ ಮುಂದೆ ಹಿಮ ಗುಡಿಸುತ್ತಿದ್ದ ಹಾರ್ಮನ್ ಹೆಮ್ಮೆಯಿಂದ ಪೊರಕೆ ಎತ್ತಿದ.

"ನೋಡಿದ್ರಾ ಸಾಹೇಬ್ರೇ? ಇಡೀ ಊರಲ್ಲಿ ಇಂಥದ್ದು ಇನ್ನೊಂದಿಲ್ಲ!"

"ಅಟ್ಟದಲ್ಲಿ ಏನ್ ನಡೀತಿದೆ ಹಾರ್ಮನ್?"

"ಹುಟ್ಟುಹಬ್ಬದ ಹೊತ್ತಿಗೆ ಎಲ್ಲ ರೆಡಿ ಇರ್ಬೇಕು ಅಂತ ಹಗಲೆಲ್ಲ ಮೇಲೇ ಇರ್ತೀನಿ. ಆಮೇಲೆ ಒಂದ್ಸಲ ಬನ್ನಿ, ನಿಮಗೂ ತೋರಿಸ್ತೀನಿ!"

ಪೋಸ್ತ್ಮಾ ಚೀಟಿಯಲ್ಲಿ ಏನೋ ಬರೆದುಕೊಂಡು ಹೋದ. "ಒಳ್ಳೆ ಮನುಷ್ಯ," ಎಂದ ಹಾರ್ಮನ್ ನನಗೆ. "ಯಂತ್ರದ ಮೇಲೆ ಎಷ್ಟು ಆಸಕ್ತಿ ನೋಡು."

ಮರುದಿನ ಮಧ್ಯಾಹ್ನ ಆಲ್ತ್ಯೆ ಅಜ್ಜಿ ಊರುಗೋಲು ಊರಿಕೊಂಡು, ಕೋಟಿನೊಳಗೆ ಬಿಸ್ಕತ್ತಿನ ಖಾಲಿ ಡಬ್ಬ ಬಚ್ಚಿಟ್ಟುಕೊಂಡು ಬಂದಳು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಹಾರ್ಮನ್, ನಾನೇನೂ ನೋಡಿಲ್ಲ," ಎಂದಳು ಮೊದಲಿಗೆ.

"ಏನನ್ನ ಅಜ್ಜಿ?"

"ಏನನ್ನೂ ನೋಡಿಲ್ಲ. ನನ್ನ ಮೊಣಕಾಲು ಗೊತ್ತಲ್ಲ ನಿನಗೆ."

"ಗೊತ್ತಲ್ಲ ಅಜ್ಜಿ. ಪಾಪ."

"ಮೇಲಿನ ಸರಕು ಮೊಣಕಾಲಿಗೆ ಒಳ್ಳೇದು ಅಂತಾರೆ. ಸ್ವಲ್ಪ ಕೊಡ್ತೀಯಾ?"

ಹಾರ್ಮನ್‌ನ ಮುಖ ಅರಳಿತು. ಹೋದ ಚಳಿಗಾಲ ಅಜ್ಜಿ ಮನೆಯೆದುರಿನ ಮಂಜುಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಅವನಿಗೆ ನೆನಪಿತ್ತು. ಮೆಟ್ಟಿಲಿಗೆ ಮರದ ಹೊಟ್ಟು ಎರಚಿದರೆ ಜಾರುವುದಿಲ್ಲ. ಮೊಣಕಾಲು ಉಳಿಯುತ್ತದೆ. ಎಷ್ಟು ಬುದ್ಧಿವಂತ ಅಜ್ಜಿ!

"ಯಾಕೆ ಕೊಡಲ್ಲ ಅಜ್ಜಿ? ಚೀಲ ತುಂಬಿ ಬಿರಿಯೋ ಹಾಗಾಗಿದೆ. ಮೆದು ಬೇಕಾ, ಗಟ್ಟಿ ಬೇಕಾ?" ಎಂದ. ಪೈನ್ ಮೆದು ಮರ, ಓಕ್ ಗಟ್ಟಿ ಮರ.

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಈ ವಯಸ್ಸಲ್ಲಿ ಇನ್ನೇನು. ಗಟ್ಟಿದೇ ಕೊಡು."

"ಬೆಳಗ್ಗೆ ಒಂದು ಹಿಡಿ, ಸಾಯಂಕಾಲ ಒಂದು ಹಿಡಿ. ಚಳಿ ಜಾಸ್ತಿ ಇದ್ರೆ ಧಾರಾಳವಾಗಿ ಹಾಕ್ಕೊಳಿ, ಲೆಕ್ಕ ನೋಡ್ಬೇಡಿ."

"ಒಂದು ಹಿಡಿನಾ! ಅಯ್ಯೋ ದೇವರೇ, ನಾನು ಚಮಚದಲ್ಲಿ ಶುರು ಮಾಡ್ತೀನಪ್ಪ."

"ಚಮಚ ಏನಕ್ಕೂ ಸಾಲಲ್ಲ ಅಜ್ಜಿ. ಗೊಸ್ಸೆ, ನೀನೇ ಹೇಳು."

"ಸಾಲಲ್ಲ," ಎಂದೆ. ಇಲ್ಲೂ ನನ್ನನ್ನು ಕೇಳಿದ್ದು ಪ್ರಮಾಣ ಮಾತ್ರ.

"ನಾನು ಯಾರಿಗೂ ಹೇಳಲ್ಲ ಮಗಾ."

"ಯಾಕೆ ಹೇಳಲ್ಲ? ಎಲ್ಲರಿಗೂ ಹೇಳಿ! ಪುಕ್ಕಟೆ ಕೊಡ್ತೀನಿ!"

ಅಜ್ಜಿಯ ಕಣ್ಣಲ್ಲಿ ನೀರು ಬಂತು. ಡಬ್ಬ ತುಂಬಿಸಿಕೊಂಡು ಹೋದಳು. ಒಂದು ವಾರದಲ್ಲಿ ಅವಳ ಇಸ್ಪೀಟು ಗುಂಪಿನ ನಾಲ್ವರು ಮುದುಕಿಯರು ಬಂದರು. ಸೊಂಟನೋವಿನ ಅಂಚೆಯವನು ಬಂದ. ಟಿನೆಕೆಯ ಹಾಡಿನ ಗುಂಪಿಗೆ ಕಲಿಸುವ ಮೇಷ್ಟ್ರು ನಿದ್ರೆ ಬರುವುದಿಲ್ಲವೆಂದು ಬಂದರು. ಎಲ್ಲರೂ ಹಿತ್ತಲ ಬಾಗಿಲಿಗೇ ಬಂದು, ಎಲ್ಲರೂ 'ನಾನೇನೂ ನೋಡಿಲ್ಲ' ಎಂದೇ ಮಾತು ತೆಗೆದರು. ಹಾರ್ಮನ್ ಎಲ್ಲರಿಗೂ ತುಂಬಿದ ಕೈಯಿಂದ ಕೊಟ್ಟ.

"ನಮ್ಮ ಜನ ಇಷ್ಟೊಂದು ಜಾರಿ ಬೀಳ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಗೊಸ್ಸೆ," ಎಂದ ಒಂದು ದಿನ, ನಿಜವಾಗಿ ಮರುಗುತ್ತಾ.

ಫೆಬ್ರವರಿ ಒಂಬತ್ತು, ಭಾನುವಾರ, ಮಧ್ಯಾಹ್ನ ಎರಡು. ಮುಂದಿನ ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಕುರ್ಚಿ ಸಾಲದೆ ಹಾರ್ಮನ್‌ನ ಒಂಬತ್ತು ಸ್ಟೂಲುಗಳೂ ಬಂದಿದ್ದವು. ಅದರ ಮೇಲೆ ಕೂತವರು ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲ್ಲಾಡದೆ ಕೂತಿದ್ದರು. ನಡುವಿನ ಮೇಜಿನ ಮೇಲೆ ಗುಲಾಬಿ ಸಕ್ಕರೆ ಹೊದಿಸಿದ ಕಿತ್ತಳೆ ಕೇಕು, ಅದರ ಮೇಲೆ ಐವತ್ತು ಎಂದು ಕೆನೆಯಲ್ಲಿ ಬರೆದಿತ್ತು. ಅಟ್ಟದಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಗಾಳಿಯಲ್ಲಿ ಅಲೆಯುವ ಒಂಟಿ ಕಣವೂ ತಪ್ಪಿಸಿಕೊಳ್ಳದಿರಲೆಂದು ಹಾರ್ಮನ್ ಬೆಳಗ್ಗೆಯಿಂದ ಅದನ್ನು ನಿಲ್ಲಿಸಿರಲಿಲ್ಲ. ಟಿನೆಕೆ ಚಾಕು ಹಿಡಿದು ಕೇಕಿನ ಮೇಲೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದಳು. ಕಣವಿಲ್ಲ.

ಆಗ ಬಾಗಿಲು ಬಡಿದ ಸದ್ದು. ಪೋಸ್ತ್ಮಾ, ಹಿಂದೆ ಇಬ್ಬರು ಪೊಲೀಸರು.

"ಪೊಲೀಸ್! ಯಾರೂ ಕೂತಲ್ಲಿಂದ..."

"ಬಾಗಿಲು ಹಾಕ್ರಿ ಪೋಸ್ತ್ಮಾ, ಚಳಿ ಬರುತ್ತೆ!" ಎಂದಳು ಟಿನೆಕೆ. "ಇದೇನು, ನಮಗೆ ಅಭಿನಂದನೆ ಹೇಳಲ್ವಾ?"

ಪೋಸ್ತ್ಮಾ ಪೊಲೀಸು ನಿಜ. ಆದರೆ ಅವನ ತಾಯಿ ಇದೇ ಊರಿನವಳು. ಹುಟ್ಟುಹಬ್ಬದ ಮನೆಗೆ ಕಾಲಿಟ್ಟವನು ಹುಟ್ಟಿದವರಿಗೆ ಮಾತ್ರವಲ್ಲ, ದುಂಡಗೆ ಕೂತ ಪ್ರತಿಯೊಬ್ಬರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಇದನ್ನು ತಪ್ಪಿಸುವ ಅಧಿಕಾರ ನಮ್ಮ ಕಡೆ ಯಾವ ಠಾಣೆಗೂ ಇಲ್ಲ. ಅವನು ಟೋಪಿ ತೆಗೆದ.

"ಟಿನೆಕೆ, ಅಭಿನಂದನೆ. ಹಾರ್ಮನ್, ಹೆಂಡತಿಯ ಹುಟ್ಟುಹಬ್ಬಕ್ಕೆ ಅಭಿನಂದನೆ. ವೊಬ್ಬೆ, ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ. ಗೊಸ್ಸೆ, ಪಕ್ಕದಮನೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆ..."

ಹದಿನೇಳು ಜನ. ಮೂವರು ಪೊಲೀಸರು. ಅಷ್ಟು ಹೊತ್ತಿನಲ್ಲಿ ಹಾಡಿನ ಮೇಷ್ಟ್ರು ಎರಡು ಸಲ ಬೆವರು ಒರೆಸಿಕೊಂಡರು, ಆಲ್ತ್ಯೆ ಅಜ್ಜಿ ಜೊತೆಗೆ ತಂದಿದ್ದ ಕಷಾಯದ ಫ್ಲಾಸ್ಕನ್ನು ಲಂಗದ ಕೆಳಗೆ ಸರಿಸಿದಳು. ಕೊನೆಗೆ ಮೂವರನ್ನೂ ಸ್ಟೂಲಿನ ಮೇಲೆ ಕೂರಿಸಿ ಕಾಫಿ ಕೊಡಲಾಯಿತು. ಕಾಫಿ ಮುಗಿಸಿ, ಜೋಪಾನವಾಗಿ ಎದ್ದು, ಪೋಸ್ತ್ಮಾ ಮತ್ತೆ ಗಂಟಲು ಸರಿ ಮಾಡಿಕೊಂಡ.

"ಹಾರ್ಮನ್, ಅಟ್ಟ ನೋಡ್ಬೇಕು."

"ಬಂದೇ ಬಿಟ್ರಾ! ಬನ್ನಿ ಸಾಹೇಬ್ರೇ, ಬನ್ನಿ!" ಎಂದು ಹಾರ್ಮನ್ ಮದುಮಗನ ಹಾಗೆ ಮುಂದೆ ನಡೆದ. ನಾನೂ ಹಿಂದೆ ಹತ್ತಿ, ಮೆಟ್ಟಿಲ ತುದಿಯಲ್ಲಿ ಅಟ್ಟದ ನೆಲಕ್ಕೆ ಸಮನಾಗಿ ತಲೆ ಇಟ್ಟು ನಿಂತೆ.

ಪೋಸ್ತ್ಮಾ ಒಂದು ಗಿಡವನ್ನೂ ಕಾಣಲಿಲ್ಲ. ಗುಡಾಣದಂತೆ ಉಬ್ಬಿ ನಿಂತ ಚೀಲ ಕಂಡ.

"ಫಸಲು ಕಿತ್ತಾಯ್ತಾ? ಎಲ್ಲ ಇದರೊಳಗೇನಾ?"

"ಪೂರ್ತಿ ಇದರೊಳಗೇ! ಒಂದು ಚೂರು ಹೊರಗಿಲ್ಲ!"

"ಬಿಚ್ಚಿ."

ಹಾರ್ಮನ್ ಚೀಲಕ್ಕೆ ಎರಡೂ ಕೈ ಚಾಚಿ ಅಡ್ಡ ನಿಂತ.

"ಬೇಡ. ಸಾಹೇಬ್ರೇ, ಇವತ್ತೊಂದು ದಿನ ಬೇಡ. ನಾಳೆ ಬಿಚ್ಚಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇವತ್ತು ಯಾಕೆ ಬೇಡ?"

"ಹೆಂಡತಿಗೆ ಗೊತ್ತಾಗುತ್ತೆ!"

"ಕೆಳಗೆ ಇಡೀ ಬೀದಿಯೇ ಕೂತಿದೆಯಲ್ರೀ!"

"ಅದಕ್ಕೇ ಬೇಡ ಅಂದಿದ್ದು! ಇದು ಹೊರಗೆ ಬಂದ್ರೆ ನನ್ನ ಬಾಳೇ ಮುಗೀತು!"

ಇಪ್ಪತ್ತು ವರ್ಷದ ಸೇವೆಯಲ್ಲಿ ಇಷ್ಟು ಸಲೀಸಾಗಿ ಒಪ್ಪಿಕೊಂಡ ಅಪರಾಧಿಯನ್ನು ಪೋಸ್ತ್ಮಾ ನೋಡಿರಲಿಲ್ಲ. ಇಬ್ಬರು ಪೊಲೀಸರು ಹಾರ್ಮನ್‌ನನ್ನು ಪಕ್ಕಕ್ಕೆ ಎತ್ತಿಟ್ಟರು. ಪೋಸ್ತ್ಮಾ ಚೀಲದ ಕತ್ತಿನ ಪಟ್ಟಿ ಹಿಡಿದು ಎಳೆದ.

ಯಂತ್ರ ಓಡುತ್ತಿತ್ತು.

ಮೂರು ವಾರದ ಹೊಟ್ಟು, ಕಾರ್ಖಾನೆಯ ಫ್ಯಾನಿನ ಗಾಳಿಯ ಸಮೇತ, ಒಂದೇ ಸಲಕ್ಕೆ ಬಿಡುಗಡೆಯಾಯಿತು. ಅಟ್ಟದಿಂದ ಅದಕ್ಕಿದ್ದ ದಾರಿ ಒಂದೇ. ಆ ದಾರಿಯಲ್ಲಿ ನನ್ನ ತಲೆ ಇತ್ತು. ನನ್ನನ್ನು ದಾಟಿಕೊಂಡು ಅದು ಮೆಟ್ಟಿಲಿಳಿದು, ಮುಂದಿನ ಕೋಣೆಗೆ ನುಗ್ಗಿ, ಹದಿನೈದು ಜನರ ಮೇಲೆ, ಕಾಫಿಯ ಮೇಲೆ, ಕೇಕಿನ ಮೇಲೆ ಮೆಲ್ಲಗೆ, ಬಹಳ ಹೊತ್ತು, ಉದುರಿತು. ಗುಲಾಬಿ ಹೋಯಿತು. ಐವತ್ತು ಹೋಯಿತು.

ನಾವು ಕೆಳಗಿಳಿದಾಗ ಟಿನೆಕೆ ಕೇಕಿನ ಮೇಲಿನ ಹೊಟ್ಟನ್ನು ಚಾಕುವಿನ ತುದಿಯಲ್ಲಿ ಎತ್ತಿ ನೋಡಿದಳು. ಅದು ಒಂದು ಕಣವಾಗಿರಲಿಲ್ಲ.

"ವೊಬ್ಬೆ," ಎಂದಳು, ಕೂಗದೆ. "ನಿನ್ನ ಸಾಮಾನು ಮೇಲಕ್ಕೆ ಸಾಗಿಸ್ಕೋ."

ಹಾರ್ಮನ್ ಮೆಟ್ಟಿಲ ಮೇಲೇ ಕುಸಿದು ಕೂತ. "ನಾನು ಬಿಚ್ಚಿದ್ದಲ್ಲ ಟಿನೆಕೆ..."

"ಬಿತ್ತೋ ಇಲ್ವೋ?"

"ಬಿತ್ತು," ಎಂದ. ಹಾರ್ಮನ್ ಎಂದೂ ಮಾತಿಗೆ ತಪ್ಪಿದವನಲ್ಲ.

ಅಷ್ಟರಲ್ಲಿ ಪೋಸ್ತ್ಮಾ ಮೂರು ಸಲ ಸೀನಿ, ಅಂಗೈಯಲ್ಲಿದ್ದದ್ದನ್ನು ಮೂಸಿ, ನಾಲಿಗೆಗೆ ಹಚ್ಚಿ ನೋಡಿದ್ದ.

"ಇದು ಮರ!"

"ಮರ ಅಲ್ದೆ ಮತ್ತೇನು?" ಎಂದ ಹಾರ್ಮನ್.

"ಗಾಂಜಾ ಎಲ್ಲಿ?"

"ಗಾಂಜಾನಾ? ನಮ್ಮನೇಲಾ?" ಎಂದು ಟಿನೆಕೆ ಚಾಕು ಹಿಡಿದೇ ಎದ್ದಳು. ಪೊಲೀಸರು ಎರಡು ಹೆಜ್ಜೆ ಹಿಂದೆ ಹೋದರು.

"ಮರಾನಾ?" ಇದು ಆಲ್ತ್ಯೆ ಅಜ್ಜಿಯ ದನಿ. "ಹಾಗಾದ್ರೆ ಇಷ್ಟು ದಿನ ನಾನು ಕಷಾಯ ಮಾಡ್ಕೊಂಡು ಕುಡಿದಿದ್ದು ಏನೋ?"

"ಕುಡಿದ್ರಾ? ಅಜ್ಜಿ, ಅದು ಮೆಟ್ಟಿಲಿಗೆ ಎರಚೋಕೆ ಕೊಟ್ಟಿದ್ದು! ಅದು ಓಕ್!"

"ಅಯ್ಯೋ ದೇವರೇ! ಹತ್ತು ದಿನದಿಂದ ಮೇಜು ಕುಡೀತಿದೀನಾ ನಾನು?"

ಹಾಡಿನ ಮೇಷ್ಟ್ರು ಕರವಸ್ತ್ರ ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದರು. ಅವರು ಸೇದಿದ್ದರೆಂದು ಆಮೇಲೆ ಗೊತ್ತಾಯಿತು.

ಪೋಸ್ತ್ಮಾನ ಕಿವಿ ಕೆಂಪಾಗಿತ್ತು. "ತಪ್ಪು ತಿಳೀಬೇಡಿ ಟಿನೆಕೆ. ಬರೀ ಮಾಡು ನೋಡಿ ನಾನು ಬರ್ತಿರ್ಲಿಲ್ಲ. ಯಾರೋ ಫೋನ್ ಮಾಡಿ ದೂರು ಕೊಟ್ಟಿದಾರೆ. ಹೆಸರು ಹೇಳಿಲ್ಲ, ಕೇಳೋ ಹಾಗೂ ಇಲ್ಲ. ಆದ್ರೆ ಹೇಳಿದ್ದನ್ನ ಹಾಗ್‌ಹಾಗೇ ಬರ್ಕೊಂಡಿದಾರೆ. ಬೇಕಾದ್ರೆ ಕೇಳಿ." ಜೇಬಿನಿಂದ ಕಾಗದ ತೆಗೆದು ಹೊಟ್ಟು ಕೊಡವಿ ಓದಿದ.

"'ಈ ಮನೆಯ ಅಟ್ಟದಲ್ಲಿ ಗಾಂಜಾ ಬೆಳೆಯುತ್ತಿದ್ದಾರೆ. ಬೇಗ ಬಂದು ಅಟ್ಟ ಖಾಲಿ ಮಾಡಿಸಿ. ಅಟ್ಟ ಐದೂವರೆ ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ ಇದೆ. ಕಿಟಕಿಯ ಹಲಗೆ ತೆಗೆದರೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತದೆ. ಚಿಮಣಿ ಪಕ್ಕ ಮಂಚ ಹಾಕಿದರೆ ಬೆಚ್ಚಗಿರುತ್ತದೆ, ಕಾಲ ಕಡೆ ಟೀವಿಗೂ ಜಾಗವಾಗುತ್ತದೆ. ಕಾರ್ಪೆಟ್ ಮಾತ್ರ ಹೊಸದಾಗಿ ಹಾಕಿಸಬೇಕು.'"

ಟಿನೆಕೆ ಕಿವಿಯೊಳಗಿನ ಹೊಟ್ಟು ಕೊಡವಿಕೊಂಡಳು.

"ಇನ್ನೊಂದ್ಸಲ ಓದಿ," ಎಂದಳು ಟಿನೆಕೆ.

ಪೋಸ್ತ್ಮಾ ಇನ್ನೊಮ್ಮೆ, ನಿಧಾನವಾಗಿ ಓದಿದ.

"ಕಾರ್ಪೆಟ್ ಯಾವ ಬಣ್ಣ ಅಂತ ಹೇಳಿದಾರಾ?"

ಪೋಸ್ತ್ಮಾ ಕಾಗದ ತಿರುಗಿಸಿ ನೋಡಿದ. "ನೀಲಿ."

ಕೋಣೆಯಲ್ಲಿದ್ದ ಬಿಳಿ ತಲೆಗಳೆಲ್ಲ ಒಂದೇ ಸಲಕ್ಕೆ ವೊಬ್ಬೆಯ ಕಡೆ ತಿರುಗಿದವು.

"ನೀಲಿ ತುಂಬಾ ಜನಕ್ಕೆ ಇಷ್ಟ ಅಕ್ಕ," ಎಂದ ವೊಬ್ಬೆ.

ಟಿನೆಕೆ ಕೇಕಿನ ಮೇಲ್ಪದರವನ್ನು ಚಾಕುವಿನಿಂದ ಪೂರ್ತಿ ಹೆರೆದು ಪಕ್ಕಕ್ಕಿಟ್ಟಳು. ಕೆಳಗಿನ ಕಿತ್ತಳೆ ಭಾಗ ಹೇಗಿತ್ತೋ ಹಾಗೇ ಇತ್ತು. ದೊಡ್ಡದೊಂದು ತುಂಡು ಕತ್ತರಿಸಿ, ಮೆಟ್ಟಿಲ ಮೇಲೆ ಕೂತಿದ್ದ ಗಂಡನ ಕೈಗೆ ತಟ್ಟೆ ಕೊಟ್ಟಳು.

"ತಿನ್ನು. ಆಮೇಲೆ ಮೇಲೆ ಹೋಗಿ ಆ ಚೀಲ ಸರಿಯಾಗಿ ಕಟ್ಟು. ದಪ್ಪ ಬಟ್ಟೇಲಿ ಇನ್ನೊಂದು ಹೊಲಿದು ಕೊಡ್ತೀನಿ."

ವೊಬ್ಬೆ ಎದ್ದ. ಯಾರೂ ಅವನನ್ನು ಏಳು ಎನ್ನಲಿಲ್ಲ, ಕೂರು ಎಂದೂ ಅನ್ನಲಿಲ್ಲ.

"ಕಾಫಿಗೆ ಹಾಲು ಮುಗಿದಿದೆ ಅನ್ಸುತ್ತೆ ಅಕ್ಕ. ತಂದ್ಬಿಡ್ತೀನಿ."

"ಭಾನುವಾರ ಅಂಗಡಿ ಮುಚ್ಚಿರುತ್ತೆ," ಎಂದೆ ನಾನು.

"ಎಲ್ಲಾದ್ರೂ ತೆಗೆದಿರುತ್ತೆ ಗೊಸ್ಸೆ."

ಕೋಟು ಹಾಕಿಕೊಂಡ. ಬೆನ್ನು ನೆಟ್ಟಗೇ ಇತ್ತು. ಹಾಲಿಗೆ ಹೋಗುವವನು ಕ್ರಮಪ್ರಕಾರ ಎಲ್ಲರ ಕೈಕುಲುಕಬೇಕಾಗಿಲ್ಲ. ವೊಬ್ಬೆ ಕುಲುಕಿದ. ಅಜ್ಜಿಯ ಕೈ, ಅಂಚೆಯವನ ಕೈ, ಮೂವರು ಪೊಲೀಸರ ಕೈ, ಕೊನೆಗೆ ಬಾಯಿ ತುಂಬ ಕೇಕು ತುಂಬಿಕೊಂಡಿದ್ದ ಭಾವನ ಕೈ. ಬಾಗಿಲು ತೆರೆದು, ಸದ್ದಾಗದಂತೆ ಹಿಂದಿನಿಂದ ಎಳೆದುಕೊಂಡು ಹೋದ.

ಈಗ ಏಪ್ರಿಲ್. ಕಾಲುವೆಯಲ್ಲಿ ದೋಣಿ ಓಡಾಡುತ್ತಿವೆ, ಹಾರ್ಮನ್ ಸೇತುವೆ ಎತ್ತಿ ಇಳಿಸುತ್ತಿದ್ದಾನೆ. ಹಾಲು ಇನ್ನೂ ಬಂದಿಲ್ಲ.